ಗದ್ದಲದ ನಡುವೆ ಮಾತು ಹಿಡಿಯುವ ಅಭ್ಯಾಸ: ಶ್ರವಣ ಸಾಧನ ಧರಿಸುವವರಿಗೆ ಒಂದು ಕೈಪಿಡಿ

ಶ್ರವಣ ಸಾಧನವನ್ನು ಹೊಸದಾಗಿ ಧರಿಸಿದವರು ಮತ್ತೆ ಮತ್ತೆ ಹೇಳುವ ದೂರು ಒಂದೇ: ಮಾತಿಗಿಂತ ಗದ್ದಲವೇ ಜೋರಾಗಿ ಕೇಳುತ್ತದೆ. ತಪಾಸಣೆಯ ಕೊಠಡಿಯ ನಿಶ್ಶಬ್ದದಲ್ಲಿ ಅಚ್ಚುಕಟ್ಟಾಗಿ ಕೇಳಿಸಿದ ಮಾತು, ಮನೆಗೆ ಬಂದೊಡನೆ ಫ್ಯಾನಿನ ಸದ್ದು, ಪಾತ್ರೆಗಳ ಸಪ್ಪಳ, ಬೀದಿಯ ಹಾರನ್ನುಗಳ ನಡುವೆ ಕರಗಿಹೋಗುತ್ತದೆ. ಒಂದೆರಡು ವಾರ ಸಹಿಸಿಕೊಂಡವರು ಸಾಧನವನ್ನು ಅದರ ಡಬ್ಬಿಗೆ ಹಾಕಿ ಬೀರುವಿನಲ್ಲಿಡುತ್ತಾರೆ. ಕಿವಿಯ ಮಿಷನ್ನು ತಮಗೆ ಆಗಿಬರಲಿಲ್ಲ ಎಂದು ಮನೆಯವರಿಗೆ ಹೇಳಿ, ಮತ್ತೆ ಹಳೆಯ ಮೌನಕ್ಕೆ ಮರಳುತ್ತಾರೆ. ಸಾವಿರಾರು ರೂಪಾಯಿ ತೆತ್ತು ತಂದ ಸಾಧನ ಹೀಗೆ ನಿರುಪಯೋಗಿಯಾಗುವುದಕ್ಕಿಂತ ದೊಡ್ಡ ನಷ್ಟವೆಂದರೆ, ಆ ವ್ಯಕ್ತಿ ಕ್ರಮೇಣ ಊಟದ ಪಂಕ್ತಿಯಿಂದ, ಜಗಲಿಯ ಮಾತುಕತೆಯಿಂದ, ಮದುವೆ ಮುಂಜಿಗಳಿಂದ ದೂರ ಸರಿಯುವುದು.

ಈ ದೂರಿನ ಹಿಂದೆ ಎರಡು ಬೇರೆ ಬೇರೆ ಸಂಗತಿಗಳು ಬೆರೆತಿರುತ್ತವೆ. ಒಂದು, ಗದ್ದಲ ಕಿರಿಕಿರಿಯಾಗುವುದು. ಇದು ಬಹುಮಟ್ಟಿಗೆ ಸಾಧನದ ದೋಷವಲ್ಲ, ಮರೆತುಹೋದ ಸದ್ದುಗಳನ್ನು ಮಿದುಳು ಮತ್ತೆ ಎದುರುಗೊಳ್ಳುತ್ತಿರುವುದರ ಲಕ್ಷಣ, ಮತ್ತು ಕ್ರಮವಾದ ಅಭ್ಯಾಸದಿಂದ ತಗ್ಗುವಂಥದು. ಇನ್ನೊಂದು, ಸದ್ದು ನೋವಾಗುವಷ್ಟು ಜೋರಾಗುವುದು. ಇದು ಎಷ್ಟು ಸಹಿಸಿದರೂ ಸರಿಹೋಗುವಂಥದಲ್ಲ, ಸಾಧನದ ಹೊಂದಾಣಿಕೆಯನ್ನು ಶ್ರವಣತಜ್ಞರೇ, ಅಂದರೆ ಆಡಿಯಾಲಜಿಸ್ಟರೇ, ಬದಲಿಸಬೇಕು. ಮೊದಲನೆಯದಕ್ಕೆ ತಾಳ್ಮೆ ಬೇಕು, ಎರಡನೆಯದಕ್ಕೆ ತಾಳ್ಮೆ ಸಲ್ಲದು. ಈ ಎರಡನ್ನು ಒಂದೇ ಎಂದು ಭಾವಿಸಿದವರೇ ಹೆಚ್ಚಾಗಿ ಸಾಧನವನ್ನು ಕೈಬಿಡುವವರು.

ಸದ್ದು ಏಕೆ ಮುನ್ನುಗ್ಗುತ್ತದೆ

ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಗೊಂಡ ಕಾಕ್ಲಿಯಾ ಎಂಬ ಅಂಗವಿದ್ದು, ಅದರಲ್ಲಿ ಸುಮಾರು 15 ಸಾವಿರ ಸೂಕ್ಷ್ಮ ರೋಮಕೋಶಗಳು ಸಾಲಾಗಿ ಜೋಡಣೆಗೊಂಡಿರುತ್ತವೆ. ಕಾಕ್ಲಿಯಾದ ಬುಡದ ಕೋಶಗಳು ಕೀರಲಾದ, ಅಂದರೆ ಹೆಚ್ಚು ಕಂಪನಾಂಕದ ಸದ್ದುಗಳನ್ನೂ, ಸುರುಳಿಯ ತುದಿಯ ಕೋಶಗಳು ಗಡುಸಾದ ತಗ್ಗು ಸದ್ದುಗಳನ್ನೂ ಗ್ರಹಿಸುತ್ತವೆ. ವಯಸ್ಸಿನಿಂದಾಗಲಿ, ಕಾರ್ಖಾನೆಯ ದೀರ್ಘಕಾಲದ ಸದ್ದಿನಿಂದಾಗಲಿ ಮೊದಲು ಸವೆಯುವುದು ಸಾಮಾನ್ಯವಾಗಿ ಬುಡದ ಕಡೆಯ ಕೋಶಗಳೇ. ಮಾತಿನ ಸ್ವರಗಳ ಬಲ ತಗ್ಗು ಕಂಪನಾಂಕಗಳಲ್ಲಿರುವುದರಿಂದ ಅವು ಉಳಿದುಕೊಳ್ಳುತ್ತವೆ. ಕ, ಚ, ತ, ಪ, ಸ, ಶ, ಹ ಮುಂತಾದ ಉಸಿರಿನಿಂದಲೇ ಹುಟ್ಟುವ ಮೆಲುವಾದ ವ್ಯಂಜನಗಳು ಜಾರಿಹೋಗುತ್ತವೆ.

ಕನ್ನಡದಲ್ಲಿ ಇದರ ಪರಿಣಾಮವನ್ನು ನಾಲ್ಕು ಪದಗಳಲ್ಲಿ ಕಾಣಬಹುದು. ಕಾಲು, ಸಾಲು, ಹಾಲು, ಪಾಲು ಎಂಬಲ್ಲಿ ಮೊದಲ ವ್ಯಂಜನವನ್ನು ಅಳಿಸಿದರೆ ನಾಲ್ಕೂ ಪದಗಳು 'ಆಲು' ಎಂಬ ಒಂದೇ ಧ್ವನಿಯಾಗಿ ಉಳಿಯುತ್ತವೆ. ನಿಶ್ಶಬ್ದವಾದ ಕೋಣೆಯಲ್ಲಿ ಸಂದರ್ಭದ ಬಲದಿಂದ ಅರ್ಥವನ್ನು ಊಹಿಸಿಕೊಳ್ಳಬಹುದು. ಪಕ್ಕದಲ್ಲಿ ಮಿಕ್ಸಿ ತಿರುಗುತ್ತಿದ್ದರೆ ಊಹೆಗೆ ಆಧಾರವಾಗಬೇಕಾದ ಅಕ್ಕಪಕ್ಕದ ಪದಗಳೂ ಮಸುಕಾಗುತ್ತವೆ. 'ಮಾತು ಕೇಳಿಸುತ್ತದೆ, ಆದರೆ ತಿಳಿಯುವುದಿಲ್ಲ' ಎಂದು ಹಿರಿಯರು ಹೇಳುವುದು ಈ ಸ್ಥಿತಿಯ ಅತ್ಯಂತ ಕರಾರುವಾಕ್ಕಾದ ವರ್ಣನೆಯಾಗಿದೆ.

ಎರಡನೆಯ ಕಾರಣ ಮಿದುಳಿಗೆ ಸಂಬಂಧಿಸಿದ್ದು. ಕೇಳುವ ಶಕ್ತಿ ಸಾಮಾನ್ಯವಾಗಿ ಒಂದೇ ದಿನದಲ್ಲಿ ಕುಗ್ಗುವುದಿಲ್ಲ. ಹತ್ತು ಹದಿನೈದು ವರ್ಷಗಳಲ್ಲಿ ಒಂದೊಂದಾಗಿ ಸದ್ದುಗಳು ಹಿಂದೆ ಸರಿಯುತ್ತವೆ. ಫ್ಯಾನಿನ ಸರಸರ, ಫ್ರಿಜ್ಜಿನ ಗುಂಯ್‌ಗುಡುವಿಕೆ, ನಲ್ಲಿಯ ನೀರು, ಸೀರೆಯ ನೆರಿಗೆಯ ಸದ್ದು, ಪತ್ರಿಕೆ ಮಗುಚುವ ಪರಪರ ಇವೆಲ್ಲ ಇಲ್ಲವೆಂಬುದೇ ಅರಿವಿಗೆ ಬಂದಿರುವುದಿಲ್ಲ. ಆರೋಗ್ಯವಂತ ಕಿವಿಯುಳ್ಳವರ ಮಿದುಳು ಇಂತಹ ಸದ್ದುಗಳನ್ನು ಗಮನಕ್ಕೆ ತಾರದೆ ಬದಿಗೊತ್ತುವ ಕೆಲಸವನ್ನು ನಿರಂತರ ಮಾಡುತ್ತಿರುತ್ತದೆ. ಗುಂಪಿನ ಗದ್ದಲದಲ್ಲಿ ಒಬ್ಬರ ಮಾತನ್ನೇ ಹಿಡಿಯುವ ಈ ಸಾಮರ್ಥ್ಯವನ್ನು ಕಾಲಿನ್ ಚೆರ್ರಿ ಎಂಬ ವಿಜ್ಞಾನಿ 1953ರಲ್ಲಿ 'ಕಾಕ್‌ಟೇಲ್ ಪಾರ್ಟಿ ಸಮಸ್ಯೆ' ಎಂಬ ಹೆಸರಿನಿಂದ ಚರ್ಚಿಸಿದರು. ವರ್ಷಗಟ್ಟಲೆ ಆ ಸದ್ದುಗಳೇ ತಲುಪದಿದ್ದಾಗ ಅವನ್ನು ಬದಿಗೊತ್ತುವ ರೂಢಿಯೂ ಸಡಿಲಗೊಳ್ಳುತ್ತದೆ. ಸಾಧನ ಧರಿಸಿದ ದಿನ ಅವೆಲ್ಲ ಏಕಕಾಲಕ್ಕೆ ಮರಳಿ ಬರುವುದರಿಂದ, ಯಾವುದು ಮುಖ್ಯ, ಯಾವುದು ಅಲ್ಲ ಎಂಬುದನ್ನು ಮಿದುಳು ಮತ್ತೆ ಕಲಿಯಬೇಕಾಗುತ್ತದೆ. ಈ ಕಲಿಕೆಗೆ ಕೆಲವು ವಾರಗಳಿಂದ ಕೆಲವು ತಿಂಗಳುಗಳವರೆಗೆ ಕಾಲ ಹಿಡಿಯುವುದು ಸಹಜ.

ಮೂರನೆಯದು ಸದ್ದಿನ ವ್ಯಾಪ್ತಿ ಕಿರಿದಾಗುವುದು. ಸದ್ದಿನ ಮಟ್ಟವನ್ನು ಡೆಸಿಬಲ್ ಎಂಬ ಅಳತೆಯಿಂದ ಸೂಚಿಸುತ್ತಾರೆ. ಒಂದು ಮೀಟರ್ ದೂರದಿಂದ ಆಡುವ ಸಾಮಾನ್ಯ ಮಾತು ಸುಮಾರು 60 ಡೆಸಿಬಲ್ ಇರುತ್ತದೆ. ಆರೋಗ್ಯವಂತ ಕಿವಿಗೆ ತೀರ ಮೆಲು ಸದ್ದಿನಿಂದ ಅಸಹನೀಯ ಸದ್ದಿನವರೆಗೆ ಸುಮಾರು 100 ಡೆಸಿಬಲ್‌ಗಳ ಹರವು ಇರುತ್ತದೆ. 50 ಡೆಸಿಬಲ್‌ನಷ್ಟು ಶ್ರವಣ ದೋಷವುಳ್ಳವರಿಗೆ ಕೆಳಗಿನ ಅರ್ಧ ಇಲ್ಲವಾಗುತ್ತದೆ, ಆದರೆ ಅಸಹನೀಯತೆಯ ಮೇಲ್ಮಿತಿ ಬಹುತೇಕ ಇದ್ದಲ್ಲೇ ಇರುತ್ತದೆ. ನೂರು ಮೆಟ್ಟಿಲುಗಳ ಎತ್ತರವನ್ನು ಐವತ್ತು ಮೆಟ್ಟಿಲುಗಳಲ್ಲಿ ಏರಬೇಕಾದಾಗ ಪ್ರತಿ ಮೆಟ್ಟಿಲೂ ಎತ್ತರವಾಗುವಂತೆ, ಇವರಿಗೆ ಸದ್ದು ಸ್ವಲ್ಪ ಹೆಚ್ಚಿದರೂ ಬಹಳ ಹೆಚ್ಚಿದಂತೆ ಅನಿಸುತ್ತದೆ. 'ಜೋರಾಗಿ ಹೇಳಿ' ಎಂದವರೇ ಮರುಕ್ಷಣ 'ಕಿರುಚಬೇಡಿ' ಎನ್ನುವುದನ್ನು ಮನೆಯವರು ಮೊಂಡುತನವೆಂದು ತಪ್ಪು ತಿಳಿಯುತ್ತಾರೆ. ಅದು ಒಳಕಿವಿಯ ಸವೆತದ ನೇರ ಪರಿಣಾಮ.

ಸಾಧನ ಏನು ಮಾಡಬಲ್ಲುದು, ಏನು ಮಾಡಲಾರದು

ಟ್ರಾನ್ಸಿಸ್ಟರ್ ಬಳಸಿದ ಶ್ರವಣ ಸಾಧನಗಳು 1950ರ ದಶಕದ ಆರಂಭದಲ್ಲಿ ಬಂದವು; ಅಂದಿನವು ಮಾತು, ಗದ್ದಲ ಎಂಬ ಭೇದವಿಲ್ಲದೆ ಎಲ್ಲವನ್ನೂ ಒಂದೇ ಪ್ರಮಾಣದಲ್ಲಿ ಹಿಗ್ಗಿಸುತ್ತಿದ್ದವು. 1990ರ ದಶಕದ ಉತ್ತರಾರ್ಧದಿಂದ ಬಳಕೆಗೆ ಬಂದ ಡಿಜಿಟಲ್ ಸಾಧನಗಳು ಮೆಲು ಸದ್ದನ್ನು ಹೆಚ್ಚು, ಜೋರು ಸದ್ದನ್ನು ಕಡಿಮೆ ಹಿಗ್ಗಿಸಿ, ಎಲ್ಲವನ್ನೂ ಉಳಿದಿರುವ ಕಿರಿದಾದ ಹರವಿನೊಳಗೆ ಕೂಡಿಸಲು ಯತ್ನಿಸುತ್ತವೆ. ಈ ಕ್ರಿಯೆಗೆ ಕಂಪ್ರೆಷನ್ ಎಂದು ಹೆಸರು.

ಗದ್ದಲವನ್ನು ಎದುರಿಸಲು ಅವುಗಳಲ್ಲಿ ಮುಖ್ಯವಾಗಿ ಎರಡು ವ್ಯವಸ್ಥೆಗಳಿರುತ್ತವೆ. ಮೊದಲನೆಯದು ಗದ್ದಲ ತಗ್ಗಿಸುವ ವ್ಯವಸ್ಥೆ. ಮಾತು ಏರಿಳಿಯುತ್ತದೆ, ಫ್ಯಾನಿನ ಸದ್ದು ಏರಿಳಿಯದೆ ಒಂದೇ ಸಮನಿರುತ್ತದೆ ಎಂಬ ವ್ಯತ್ಯಾಸವನ್ನು ಆಧರಿಸಿ ಅದು ಸಮನಾದ ಸದ್ದನ್ನು ತಗ್ಗಿಸುತ್ತದೆ. ಇದರಿಂದ ಕಿವಿಗೆ ಹಾಯೆನಿಸುತ್ತದೆ, ದಣಿವು ಕಡಿಮೆಯಾಗುತ್ತದೆ. ಆದರೆ ಮಾತಿನ ಸ್ಪಷ್ಟತೆ ಅಷ್ಟಾಗಿ ಹೆಚ್ಚುವುದಿಲ್ಲ. ಹತ್ತು ಜನ ಒಟ್ಟಿಗೆ ಮಾತನಾಡುವಲ್ಲಿ ಗದ್ದಲವೂ ಮಾತೇ ಆಗಿರುವುದರಿಂದ ಈ ವ್ಯವಸ್ಥೆಯ ಆಟ ಹೆಚ್ಚು ನಡೆಯುವುದಿಲ್ಲ. ಎರಡನೆಯದು ದಿಕ್ಕು ಗುರುತಿಸುವ ಮೈಕ್ರೊಫೋನುಗಳು. ಇವು ಎದುರಿನಿಂದ ಬರುವ ಸದ್ದಿಗೆ ಒತ್ತು ಕೊಟ್ಟು ಹಿಂದಿನ ಮತ್ತು ಬದಿಯ ಸದ್ದನ್ನು ಕುಗ್ಗಿಸುತ್ತವೆ. ಗದ್ದಲದಲ್ಲಿ ಮಾತು ತಿಳಿಯುವುದಕ್ಕೆ ನಿಜವಾಗಿ ನೆರವಾಗುವುದು ಇದೇ, ಆದರೆ ಧರಿಸಿದವರು ಮುಖ ಯಾವ ಕಡೆಗೆ ತಿರುಗಿಸಿ ಕೂತಿದ್ದಾರೆ ಎಂಬುದನ್ನು ಅದರ ಪ್ರಯೋಜನ ಅವಲಂಬಿಸಿರುತ್ತದೆ. ಎಷ್ಟೇ ಬೆಲೆಯ ಸಾಧನವಾದರೂ ಇಬ್ಬರ ಮಾತಿನಲ್ಲಿ ಯಾರ ಮಾತು ಬೇಕಾದದ್ದು ಎಂದು ತಾನಾಗಿ ತಿಳಿಯಲಾರದು.

ಇಲ್ಲಿ ಒಂದು ಲೆಕ್ಕ ತಿಳಿದಿದ್ದರೆ ಮುಂದಿನ ಸೂಚನೆಗಳೆಲ್ಲ ಸುಲಭವಾಗಿ ಅರ್ಥವಾಗುತ್ತವೆ. ಮಾತು ಗದ್ದಲಕ್ಕಿಂತ ಎಷ್ಟು ಡೆಸಿಬಲ್ ಮೇಲಿದೆ ಎಂಬುದೇ ತಿಳಿಯುವಿಕೆಯನ್ನು ನಿರ್ಧರಿಸುವ ಅಂತರ. ಎರಡೂ ಸಮವಾಗಿದ್ದರೂ ಆರೋಗ್ಯವಂತ ಕಿವಿ ಹೇಗೋ ನಿಭಾಯಿಸುತ್ತದೆ; ಶ್ರವಣ ದೋಷವುಳ್ಳವರಿಗೆ ಮಾತು ಹಲವು ಡೆಸಿಬಲ್‌ಗಳಷ್ಟು ಮೇಲಿರಲೇಬೇಕು. ತೆರೆದ ಜಾಗದಲ್ಲಿ ಮಾತನಾಡುವವರ ದೂರ ಅರ್ಧವಾದಾಗ ಅವರ ಮಾತು ಸುಮಾರು 6 ಡೆಸಿಬಲ್ ಹೆಚ್ಚುತ್ತದೆ, ಗದ್ದಲ ಇದ್ದಷ್ಟೇ ಇರುತ್ತದೆ. ಹಾಗಾಗಿ ಎರಡು ಮೀಟರ್ ಆಚೆ ಇದ್ದವರು ಒಂದು ಮೀಟರಿಗೆ ಸರಿದು ಕುಳಿತರೆ ದೊರಕುವ ಲಾಭ ಸಾಧನದ ಯಾವ ಗುಂಡಿ ಒತ್ತಿದರೂ ದೊರಕುವ ಲಾಭಕ್ಕಿಂತ ಕಡಿಮೆಯೇನಲ್ಲ, ಮತ್ತು ಅದಕ್ಕೆ ಖರ್ಚಿಲ್ಲ.

ಅಭ್ಯಾಸಕ್ಕೆ ಮುನ್ನ ಖಚಿತಪಡಿಸಿಕೊಳ್ಳಬೇಕಾದವು

ತಪ್ಪಾಗಿ ಹೊಂದಿಸಿದ ಸಾಧನದೊಡನೆ ಮಾಡುವ ಅಭ್ಯಾಸ ಅಳತೆ ತಪ್ಪಿದ ಕನ್ನಡಕದೊಡನೆ ಓದಿದಂತೆ. ಯಾವ ಕಂಪನಾಂಕದಲ್ಲಿ ಎಷ್ಟು ದೋಷವಿದೆ ಎಂದು ತೋರಿಸುವ ನಕ್ಷೆಯನ್ನು ಆಡಿಯೋಗ್ರಾಮ್ ಎನ್ನುತ್ತಾರೆ. ಸಾಧನ ಅದಕ್ಕೆ ತಕ್ಕಂತೆ ಹೊಂದಿಕೆಯಾಗಿರಬೇಕು. ಕಿವಿಯೊಳಗೆ ತೆಳುವಾದ ನಳಿಕೆಯಿಟ್ಟು, ಸಾಧನದ ಸದ್ದು ಕಿವಿತಮಟೆಯ ಬಳಿ ಎಷ್ಟಿದೆ ಎಂದು ಅಳೆಯುವ ಪರೀಕ್ಷೆಯ ಸೌಲಭ್ಯವಿದ್ದರೆ ಅದನ್ನು ಮಾಡಿಸಿಕೊಳ್ಳುವುದು ಉತ್ತಮ. ಜೋರು ಸದ್ದಿನ ಮೇಲ್ಮಿತಿಯನ್ನು ಧರಿಸುವವರ ಸಹನೆಗೆ ಸರಿಯಾಗಿ ನಿಗದಿಮಾಡಲಾಗಿದೆಯೇ ಎಂದು ಕೇಳಬೇಕು. ಒಂದು ಸ್ಟೀಲ್ ತಟ್ಟೆ ಮತ್ತು ಚಮಚವನ್ನು ಜೊತೆಗೆ ಒಯ್ದು ತಜ್ಞರ ಎದುರಿನಲ್ಲಿಯೇ ಬಡಿದು ನೋಡಿದರೆ ಉತ್ತರ ತಕ್ಷಣ ಸಿಗುತ್ತದೆ.

ಎರಡೂ ಕಿವಿಗಳಲ್ಲಿ ದೋಷವಿದ್ದು ಒಂದಕ್ಕೆ ಮಾತ್ರ ಸಾಧನ ಧರಿಸಿದರೆ ಗದ್ದಲದ ಸಮಸ್ಯೆ ಹೆಚ್ಚುತ್ತದೆ. ಸದ್ದು ಎರಡು ಕಿವಿಗಳನ್ನು ತಲುಪುವ ಕಾಲ ಮತ್ತು ಮಟ್ಟಗಳ ಸಣ್ಣ ವ್ಯತ್ಯಾಸದಿಂದಲೇ ಮಿದುಳು ದಿಕ್ಕನ್ನು ಗುರುತಿಸಿ, ಮಾತನ್ನು ಗದ್ದಲದಿಂದ ಬಿಡಿಸಿಕೊಳ್ಳುತ್ತದೆ. ಹಣದ ಕಾರಣಕ್ಕೆ ಒಂದೇ ಸಾಧನ ಕೊಳ್ಳುವ ಕುಟುಂಬಗಳು ಅನೇಕ. ಅಂಥವರು ಬಹಳ ದುಬಾರಿಯ ಒಂದಕ್ಕಿಂತ ಮಧ್ಯಮ ಬೆಲೆಯ ಎರಡು ತಮಗೆ ಹೊಂದುವವೇ ಎಂದು ತಜ್ಞರನ್ನು ಕೇಳಿ ನೋಡಬೇಕು.

ಹಂತಹಂತದ ಅಭ್ಯಾಸ

1. ಮನೆಯ ಸದ್ದುಗಳ ಮರುಪರಿಚಯ. ಮೊದಲ ವಾರ ಸಾಧನವನ್ನು ಮನೆಯೊಳಗೇ, ಆದರೆ ದಿನದ ಬಹುಪಾಲು ಹೊತ್ತು ಧರಿಸಬೇಕು. ಇಡೀ ದಿನ ಕಷ್ಟವಾದರೆ ನಾಲ್ಕು ಗಂಟೆಯಿಂದ ಆರಂಭಿಸಿ ದಿನಕ್ಕೊಂದು ಗಂಟೆ ಹೆಚ್ಚಿಸಬಹುದು. ಕಿರಿಕಿರಿಯೆನಿಸುವ ಪ್ರತಿ ಸದ್ದಿನ ಮೂಲವನ್ನು ಎದ್ದುಹೋಗಿ ಹುಡುಕಿ, ಕಣ್ಣಾರೆ ಕಂಡು, ಅದಕ್ಕೆ ಹೆಸರಿಡಬೇಕು: ಇದು ಫ್ರಿಜ್ಜು, ಇದು ಗೋಡೆ ಗಡಿಯಾರ, ಇದು ಸ್ನಾನದ ಮನೆಯ ನಲ್ಲಿ, ಇದು ತನ್ನದೇ ಚಪ್ಪಲಿ. ಮೂಲ ತಿಳಿಯದ ಸದ್ದು ಮಿದುಳಿಗೆ ಎಚ್ಚರಿಕೆಯ ಗಂಟೆಯಾಗಿರುತ್ತದೆ. ಏನೆಂದು ತಿಳಿದ ಸದ್ದು ಕೆಲವೇ ದಿನಗಳಲ್ಲಿ ಹಿನ್ನೆಲೆಗೆ ಸರಿಯುತ್ತದೆ. ಒಂದು ಪುಸ್ತಕದಲ್ಲಿ ಸದ್ದುಗಳ ಪಟ್ಟಿ ಬರೆದು, ಪ್ರತಿಯೊಂದರ ಎದುರು 'ಕೇಳುತ್ತದೆ', 'ಕಿರಿಕಿರಿ', 'ನೋವು' ಎಂದು ಗುರುತು ಹಾಕಿ, ವಾರದ ಕೊನೆಯಲ್ಲಿ ಮತ್ತೆ ಹಾಕಿದರೆ, 'ಕಿರಿಕಿರಿ'ಯ ಎಷ್ಟೋ ಸಾಲುಗಳು 'ಕೇಳುತ್ತದೆ' ಎಂಬಲ್ಲಿಗೆ ಬಂದಿರುವುದು ಕಾಣುತ್ತದೆ. 'ನೋವು' ಎಂಬಲ್ಲಿಯೇ ಉಳಿದ ಸಾಲುಗಳನ್ನು ತಜ್ಞರಿಗೆ ತೋರಿಸಬೇಕು. ಅವರ ಹೊಂದಾಣಿಕೆಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿಯಿಲ್ಲ.

2. ಸ್ವಂತ ಧ್ವನಿ. ಸಾಧನದಲ್ಲಿ ತಮ್ಮದೇ ಧ್ವನಿ ಕೊಡದೊಳಗಿಂದ ಬಂದಂತೆ ಕೇಳುವುದುಂಟು. ದಿನಕ್ಕೆ ಹತ್ತು ಹದಿನೈದು ನಿಮಿಷ ಪತ್ರಿಕೆಯನ್ನೋ ನಿತ್ಯದ ಸ್ತೋತ್ರವನ್ನೋ ಗಟ್ಟಿಯಾಗಿ ಓದಿದರೆ ಹೊಸ ಧ್ವನಿಗೆ ಮಿದುಳು ಒಗ್ಗುತ್ತದೆ. ಎರಡು ಮೂರು ವಾರಗಳ ನಂತರವೂ ಒಗ್ಗದಿದ್ದರೆ ಕಿವಿಯೊಳಗಿನ ತುದಿಭಾಗ ಕಿವಿಯನ್ನು ತೀರ ಬಿಗಿಯಾಗಿ ಮುಚ್ಚಿರಬಹುದು. ಗಾಳಿಯಾಡುವ ರಂಧ್ರವಿರುವ ತುದಿಯನ್ನು ಹಾಕಿಸಬಹುದೇ ಎಂದು ಕೇಳಬೇಕು.

3. ಒಂದು ಮಾತು, ಒಂದು ಸದ್ದು. ಆಕಾಶವಾಣಿಯ ಪ್ರದೇಶ ಸಮಾಚಾರದಂತಹ ವಾರ್ತೆ ಈ ಹಂತಕ್ಕೆ ಬಹಳ ಅನುಕೂಲ. ಓದುವವರ ಉಚ್ಚಾರಣೆ ಸ್ಪಷ್ಟ, ವೇಗ ಸಮ, ವಿಷಯವೂ ಬೆಳಗಿನ ಪತ್ರಿಕೆಯಿಂದ ಅರ್ಧ ತಿಳಿದಿರುತ್ತದೆ. ಮೊದಲು ಫ್ಯಾನು ಆರಿಸಿ ಕೇಳಬೇಕು, ಎರಡು ದಿನಗಳ ನಂತರ ಫ್ಯಾನು ಹಾಕಿ, ಅನಂತರ ನಲ್ಲಿ ತಿರುವಿಟ್ಟು, ಕೊನೆಗೆ ಪಕ್ಕದ ಕೋಣೆಯಲ್ಲಿ ಟಿ.ವಿ. ಹಾಕಿ ಕೇಳಬೇಕು. ಗದ್ದಲವನ್ನು ಕೇಳದಿರಲು ಹೆಣಗಾಡುವುದರಿಂದ ಅದರ ಮೇಲೆಯೇ ಗಮನ ನಿಲ್ಲುತ್ತದೆ. ವಾರ್ತೆಯಲ್ಲಿ ಬಂದ ಊರುಗಳ ಹೆಸರುಗಳನ್ನು ಎಣಿಸುವಂತಹ ಒಂದು ಕೆಲಸವನ್ನು ಮಿದುಳಿಗೆ ಕೊಟ್ಟರೆ ಗಮನ ತಾನಾಗಿ ಮಾತಿನತ್ತ ತಿರುಗುತ್ತದೆ.

4. ಊಟದ ಹೊತ್ತು. ಮೂರು ನಾಲ್ಕು ಜನರ ಮಾತುಕತೆಯೇ ಮನೆಯೊಳಗಿನ ಕಠಿಣ ಪರೀಕ್ಷೆ. ಗೋಡೆಗೆ ಬೆನ್ನು ಕೊಟ್ಟು, ಎಲ್ಲರ ಮುಖ ಕಾಣುವ ಕಡೆ, ಬೆಳಕು ಮಾತನಾಡುವವರ ಮುಖದ ಮೇಲೆ ಬೀಳುವಂತೆ ಕೂರಬೇಕು. ಮುಖ ನೋಡುವುದರ ಪ್ರಯೋಜನ ಹಿಂದೆ ಹೇಳಿದ ನಾಲ್ಕು ಪದಗಳಲ್ಲಿಯೇ ಇದೆ: ಪಾಲು ಎನ್ನುವಾಗ ತುಟಿಗಳು ಮುಚ್ಚಿ ತೆರೆಯುತ್ತವೆ, ಸಾಲು ಎನ್ನುವಾಗ ಹಲ್ಲುಗಳು ಹತ್ತಿರ ಬರುತ್ತವೆ, ಕಾಲು ಮತ್ತು ಹಾಲು ಎನ್ನುವಾಗ ಎರಡೂ ಇಲ್ಲ. ಪ, ಬ, ಮ ಅಕ್ಷರಗಳು ತುಟಿಯ ಮೇಲೆ ಒಂದೇ ಬಗೆಯಾಗಿ ಕಂಡರೂ, ಬ ಮತ್ತು ಮ ಅಕ್ಷರಗಳಲ್ಲಿ ಕಂಠದ ಗಡುಸು ಇರುವುದರಿಂದ ಕಿವಿಗೆ ಬೇರೆಯಾಗಿ ಕೇಳುತ್ತವೆ. ಕಿವಿ ಬಿಟ್ಟದ್ದನ್ನು ಕಣ್ಣು, ಕಣ್ಣು ಬಿಟ್ಟದ್ದನ್ನು ಕಿವಿ ಹೀಗೆ ತುಂಬಿಕೊಡುತ್ತವೆ.

5. ಬೀದಿ, ಬಸ್ಸು, ಹೋಟೆಲು. ದರ್ಶಿನಿಯಂತಹ ಹೋಟೆಲುಗಳಲ್ಲಿ ಲೋಟ ತಟ್ಟೆಗಳ ಸಪ್ಪಳವೇ ಅರ್ಧ ಗದ್ದಲ. ಬೆಳಗಿನ ತಿಂಡಿಯ ನೂಕುನುಗ್ಗಲಿಗಿಂತ ಮಧ್ಯಾಹ್ನ ಮೂರು ನಾಲ್ಕರ ಬಿಡುವಿನ ಹೊತ್ತಿನಲ್ಲಿ ಮೊದಲು ಹೋಗಿ, ಪಾತ್ರೆ ತೊಳೆಯುವ ಕಡೆಗೆ ಬೆನ್ನು ಮಾಡಿ, ಜೊತೆಗಾರರನ್ನು ಎದುರಿಗೆ ಕೂರಿಸಿಕೊಂಡರೆ ದಿಕ್ಕು ಗುರುತಿಸುವ ಮೈಕ್ರೊಫೋನು ತನ್ನ ಕೆಲಸ ಮಾಡುತ್ತದೆ. ಬಸ್ಸಿನಲ್ಲಿ ಎಂಜಿನ್ನಿನ ತಗ್ಗು ಕಂಪನಾಂಕದ ಸದ್ದು ಮೇಲಿನ ಕಂಪನಾಂಕದ ವ್ಯಂಜನಗಳನ್ನೂ ಮುಚ್ಚಿಬಿಡುತ್ತದೆಯಾದ್ದರಿಂದ ಎಂಜಿನ್ನಿನಿಂದ ದೂರದ ಆಸನ ಲೇಸು. ತೆರೆದ ಕಿಟಕಿಯ ಗಾಳಿ ಮೈಕ್ರೊಫೋನಿಗೆ ಬಡಿದು ಭೋರೆನ್ನುವುದರಿಂದ ಕಿಟಕಿ ಮುಚ್ಚಿರಬೇಕು, ಇಲ್ಲವೇ ಒಳಗಿನ ಆಸನ ಹಿಡಿಯಬೇಕು.

6. ಕಲ್ಯಾಣ ಮಂಟಪ. ಇದನ್ನು ಕೊನೆಗೆ ಇಟ್ಟುಕೊಳ್ಳಬೇಕು. ಹೊಸ ಸಾಧನ ತಂದ ವಾರದಲ್ಲಿಯೇ ಮದುವೆಗೆ ಹೋಗಿ ನಿರಾಶರಾಗುವವರು ಬಹಳ. ಹಬ್ಬದ ಮುನ್ನಾದಿನ ಈಜು ಕಲಿತು ಮರುದಿನ ತುಂಬಿದ ಹೊಳೆಗೆ ಇಳಿದಂತೆ ಅದು. ಕಲ್ಲು, ಟೈಲ್ಸು, ಬರಿಯ ಗೋಡೆ, ಎತ್ತರದ ಚಾವಣಿಗಳಿಂದ ಸದ್ದು ಪುಟಿದು ಬರುವಾಗ ಹಿಂದಿನ ಅಕ್ಷರದ ಬಾಲ ಮುಂದಿನ ಅಕ್ಷರದ ತಲೆಯನ್ನು ಮುಚ್ಚುತ್ತದೆ. ಇದನ್ನು ಅನುರಣನ ಎನ್ನುತ್ತಾರೆ, ಮತ್ತು ಇದನ್ನು ಪೂರ್ತಿ ಬಿಡಿಸಬಲ್ಲ ಸಾಧನವಿಲ್ಲ. ವಾಲಗದವರಿಂದ ಮತ್ತು ಧ್ವನಿವರ್ಧಕದಿಂದ ದೂರದಲ್ಲಿ, ಸಾಧ್ಯವಾದರೆ ಮೂಲೆಯಲ್ಲಿ ಕುಳಿತು, ಒಬ್ಬೊಬ್ಬರೊಡನೆ ಹತ್ತಿರದಿಂದ ಮಾತನಾಡುವುದು ಉಪಾಯ. ಮಾಂಗಲ್ಯಧಾರಣೆಯ ಗಟ್ಟಿಮೇಳ ಯಾವಾಗ ಬರುತ್ತದೆಂಬುದು ಎಲ್ಲರಿಗೂ ತಿಳಿದೇ ಇರುವುದರಿಂದ, ಅದಕ್ಕೆ ಕ್ಷಣ ಮುಂಚೆ ಸಾಧನದ ಸದ್ದು ತಗ್ಗಿಸಿ, ಮುಗಿದ ಮೇಲೆ ಮತ್ತೆ ಏರಿಸಬೇಕು. ಅರ್ಧ ಗಂಟೆಗೊಮ್ಮೆ ಹೊರಗೆ ಬಂದು ಐದು ನಿಮಿಷ ಕೂರುವುದು ಸೋಲಲ್ಲ. ಗದ್ದಲದಲ್ಲಿ ಆಲಿಸುವುದು ಮೈಮುರಿದು ದುಡಿದಷ್ಟೇ ದಣಿಸುವ ಕೆಲಸ.

ಸಂಗೀತದ ವಿಚಾರ ಸ್ವಲ್ಪ ಬೇರೆ. ಗದ್ದಲ ತಗ್ಗಿಸುವ ವ್ಯವಸ್ಥೆ ತಂಬೂರಿಯ ಎಡೆಬಿಡದ ಶ್ರುತಿಯನ್ನು ಗದ್ದಲವೆಂದೇ ತಿಳಿದು ಅಡಗಿಸಬಹುದು. ಯಕ್ಷಗಾನದ ಚೆಂಡೆಯ ಪೆಟ್ಟಿಗೆ ಬೆದರಿ ಸದ್ದಿಳಿಸಿದ ಸಾಧನ ಭಾಗವತರ ಹಾಡನ್ನೂ ಜೊತೆಗೆ ಇಳಿಸಬಹುದು. ಸಂಗೀತ ಪ್ರಿಯರು ಈ ವ್ಯವಸ್ಥೆಗಳನ್ನು ಸಡಿಲಿಸಿದ, ಸಂಗೀತಕ್ಕೆಂದೇ ಮೀಸಲಾದ ಪ್ರೋಗ್ರಾಮನ್ನು ಸಾಧನದಲ್ಲಿ ಪ್ರತ್ಯೇಕವಾಗಿ ಹಾಕಿಸಿಕೊಳ್ಳಬೇಕು. ಹೆಚ್ಚಿನವರಿಗೆ ಈ ಸೌಲಭ್ಯ ಇದೆಯೆಂಬುದೇ ತಿಳಿದಿರುವುದಿಲ್ಲ ಎಂಬುದು ವಿಷಾದದ ಸಂಗತಿ.

ಮನೆಯವರು ಮಾಡಬೇಕಾದದ್ದು

ಅಭ್ಯಾಸದ ಅರ್ಧ ಹೊಣೆ ಮಾತನಾಡುವವರದು. ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಯಾರು, ಯಾವಾಗ, ಹೌದೋ ಅಲ್ಲವೋ ಎಂಬ ತಿರುಳೆಲ್ಲ ಆ ಕೊನೆಯ ಪದದಲ್ಲಿರುತ್ತದೆ. 'ಅವರು ನಾಳೆ ಊರಿಗೆ ಬರ್ತಾರೆ' ಮತ್ತು 'ಅವರು ನಾಳೆ ಊರಿಗೆ ಬರಲ್ಲ' ಎಂಬೆರಡರಲ್ಲಿ ವ್ಯತ್ಯಾಸ ಇರುವುದು ಕೊನೆಯ ಎರಡಕ್ಷರದಲ್ಲಿ ಮಾತ್ರ, ಆದರೆ ಮಾತನಾಡುವವರ ಧ್ವನಿ ಇಳಿಯುವುದೂ ಅಲ್ಲಿಯೇ. ವಾಕ್ಯದ ಕೊನೆಯನ್ನು ನುಂಗದೆ, ಮೊದಲ ಪದದಷ್ಟೇ ಬಲದಿಂದ ಮುಗಿಸುವುದು ಮನೆಯವರು ರೂಢಿಸಿಕೊಳ್ಳಬಹುದಾದ ಅತ್ಯಂತ ಉಪಯುಕ್ತ ಅಭ್ಯಾಸವಾಗಿದೆ. ಮಾತಿಗೆ ಮೊದಲು ಹೆಸರು ಕರೆದು ಗಮನ ಸೆಳೆಯಬೇಕು, ಅಡುಗೆಮನೆಯಿಂದ ಕೂಗಬಾರದು, ಕಿರುಚಬಾರದು, ಏಕೆಂದರೆ ಕಿರುಚಿದಾಗ ಸ್ವರಗಳು ಮಾತ್ರ ಹಿಗ್ಗಿ ವ್ಯಂಜನಗಳು ಇನ್ನಷ್ಟು ಮುಚ್ಚಿಹೋಗುತ್ತವೆ. ಒಮ್ಮೆ ಹೇಳಿದ್ದು ತಿಳಿಯದಿದ್ದರೆ ಅದನ್ನೇ ಮೂರು ಬಾರಿ ಹೇಳುವ ಬದಲು ಬೇರೆ ಪದಗಳಲ್ಲಿ ಹೇಳಬೇಕು. 'ಏನಿಲ್ಲ, ಬಿಡಿ' ಎಂಬ ಉತ್ತರವನ್ನಂತೂ ಎಂದಿಗೂ ಕೊಡಬಾರದು. ಕಿವಿ ಮಂದವಾದವರನ್ನು ಅದರಷ್ಟು ನೋಯಿಸುವ ಮಾತು ಇನ್ನೊಂದಿಲ್ಲ.

ಇಷ್ಟಾದರೂ ಗದ್ದಲದಲ್ಲಿ ಮಾತು ತಿಳಿಯದೆ ಹೋದವರಿಗೆ ಪ್ರತ್ಯೇಕ ಮೈಕ್ರೊಫೋನಿನ ನೆರವುಂಟು. ಮಾತನಾಡುವವರು ಅದನ್ನು ಬಾಯಿಯಿಂದ ಒಂದು ಗೇಣಿನ ದೂರದಲ್ಲಿ ಧರಿಸಿದರೆ, ಮಾತು ನಿಸ್ತಂತುವಾಗಿ ನೇರ ಸಾಧನವನ್ನು ತಲುಪುತ್ತದೆ. ದೂರವನ್ನು ಅರ್ಧಕ್ಕಿಳಿಸುವ ಲೆಕ್ಕವೇ ಇಲ್ಲಿಯೂ ಕೆಲಸ ಮಾಡುತ್ತದೆ. ಕೆಲವು ಸಾಧನಗಳೊಡನೆ ಮೊಬೈಲ್ ಫೋನನ್ನೇ ಹೀಗೆ ಬಳಸಬಹುದು.

ಸಾಮಾನ್ಯವಾಗಿ ಆಗುವ ತಪ್ಪುಗಳು

ಎಲ್ಲಕ್ಕಿಂತ ದೊಡ್ಡ ತಪ್ಪು, ನಂಟರು ಬಂದಾಗ ಮಾತ್ರ ಸಾಧನ ಧರಿಸುವುದು. ದಿನವಿಡೀ ಮೌನದಲ್ಲಿದ್ದು ಗದ್ದಲದ ಹೊತ್ತಿಗೆ ಮಾತ್ರ ಧರಿಸಿದರೆ ಮಿದುಳಿಗೆ ಅದು ಪ್ರತಿಸಲವೂ ಮೊದಲ ದಿನವೇ ಆಗಿರುತ್ತದೆ. ಇದರ ತದ್ವಿರುದ್ಧದ ತಪ್ಪೂ ಉಂಟು: ಗದ್ದಲ ಬಂದೊಡನೆ ತೆಗೆದಿಡುವುದು.

ಮಾತು ತಿಳಿಯದಾಗ ಸದ್ದು ಏರಿಸುತ್ತ ಹೋಗುವುದರಿಂದ ಗದ್ದಲವೂ ಸಮನಾಗಿ ಏರುತ್ತದೆಯೇ ಹೊರತು ಅಂತರ ಹೆಚ್ಚುವುದಿಲ್ಲ. ಗದ್ದಲದಲ್ಲಿ ಸದ್ದು ಒಂದು ಹಂತ ಇಳಿಸಿ, ಮಾತನಾಡುವವರಿಗೆ ಹತ್ತಿರವಾಗುವುದು ಸರಿಯಾದ ಕ್ರಮ. ಮೈಕ್ರೊಫೋನಿನ ರಂಧ್ರಗಳಲ್ಲಿ ಧೂಳು, ತುದಿಯಲ್ಲಿ ಗುಗ್ಗೆ ಕಟ್ಟಿಕೊಂಡಾಗ ಮಾತು ಮಂಕಾಗಿ ಗದ್ದಲವೇ ಮುಂದಾಗುತ್ತದೆ. ಸಾಧನ ಕೆಟ್ಟಿತೆಂದು ಅಂಗಡಿಗೆ ಒಯ್ಯುವ ಮೊದಲು ಒಣ ಬ್ರಷ್ಷಿನಿಂದ ಶುಚಿಮಾಡಿ ನೋಡಬೇಕು. ಮಲೆನಾಡು, ಕರಾವಳಿಗಳ ಮಳೆಗಾಲದ ತೇವ ಸಾಧನಕ್ಕೆ ವೈರಿ. ರಾತ್ರಿ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಬೇಕು. ಜಿಂಕ್-ಏರ್ ಬ್ಯಾಟರಿಯ ಚೀಟಿ ಕಿತ್ತೊಡನೆ ಹಾಕದೆ, ಗಾಳಿ ಒಳಹೊಗಲು ಒಂದೆರಡು ನಿಮಿಷ ಬಿಟ್ಟು ಹಾಕಬೇಕು. ತಪಾಸಣೆಯೇ ಇಲ್ಲದೆ ಕೊಳ್ಳುವ ಅಗ್ಗದ ಧ್ವನಿವರ್ಧಕ ಉಪಕರಣಗಳು ಎಲ್ಲವನ್ನೂ ಒಂದೇ ಸಮ ಹಿಗ್ಗಿಸುವುದರಿಂದ ಗದ್ದಲದ ಸಮಸ್ಯೆಗೆ ಅವು ಪರಿಹಾರವಲ್ಲ, ಉಳಿದಿರುವ ಶ್ರವಣಕ್ಕೂ ಅಪಾಯ ತರಬಲ್ಲವು.

ಎಚ್ಚರಿಕೆ

ಒಂದೆರಡು ದಿನಗಳಲ್ಲಿ ಹಠಾತ್ತಾಗಿ ಕಿವಿ ಕೇಳದಾದರೆ ಅದು ತುರ್ತು ಸ್ಥಿತಿ. ಸಾಧನ ಹೊಂದಿಸುತ್ತ ಕಾಲ ಕಳೆಯದೆ ಅಂದೇ ಕಿವಿ-ಮೂಗು-ಗಂಟಲು ವೈದ್ಯರನ್ನು ಕಾಣಬೇಕು. ಕಿವಿ ಸೋರುವುದು, ನೋವು, ತಲೆಸುತ್ತು, ಒಂದೇ ಕಿವಿಯಲ್ಲಿ ಮೊರೆತ ಇವಕ್ಕೂ ವೈದ್ಯರ ಪರೀಕ್ಷೆ ಬೇಕು. ದೀಪಾವಳಿಯ ಪಟಾಕಿ, ಜನರೇಟರು, ಮರ ಕೊಯ್ಯುವ ಯಂತ್ರಗಳ ಬಳಿ ಅಭ್ಯಾಸ ಮಾಡಕೂಡದು, ಅಲ್ಲಿಂದ ದೂರವಿರಬೇಕು. ಗುಂಡಿ ಬ್ಯಾಟರಿಗಳು ಮಕ್ಕಳ ಕೈಗೆ ಸಿಗದಂತಿರಬೇಕು. ಮಗು ನುಂಗಿದ ಶಂಕೆ ಬಂದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.

ಕರ್ನಾಟಕದವರಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಶ್ರವಣ ಪರೀಕ್ಷೆ, ಸಾಧನದ ಆಯ್ಕೆ ಮತ್ತು ತರಬೇತಿಗಳಲ್ಲಿ ತೊಡಗಿದೆ. 2006–07ರಲ್ಲಿ ಆರಂಭವಾದ ರಾಷ್ಟ್ರೀಯ ಕಿವುಡುತನ ನಿಯಂತ್ರಣ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿಯೂ ವಿಚಾರಿಸಬಹುದು. ಕಡಿಮೆ ಆದಾಯದವರಿಗೆ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಸಾಧನಕ್ಕೆ ನೆರವು ದೊರೆಯುತ್ತದೆ. ಡಿಜಿಟಲ್ ಸಾಧನವನ್ನು ಒಮ್ಮೆ ಹೊಂದಿಸಿದರೆ ಮುಗಿಯಿತೆಂದಲ್ಲ, ಕಂಪ್ಯೂಟರಿಗೆ ಜೋಡಿಸಿ ಎಷ್ಟು ಬಾರಿಯಾದರೂ ಮರುಹೊಂದಿಸಬಹುದು. ಆದ್ದರಿಂದ ಸಾಧನವನ್ನು ಈಗಾಗಲೇ ಬೀರುವಿನಲ್ಲಿಟ್ಟಿರುವ ಓದುಗರಲ್ಲಿ, ಅಥವಾ ಹಾಗೆ ಇಟ್ಟಿರುವ ಹಿರಿಯರು ಮನೆಯಲ್ಲಿರುವ ಓದುಗರಲ್ಲಿ ವಿನಂತಿ ಇಷ್ಟೇ: ಆ ಡಬ್ಬಿಯನ್ನು ಈ ವಾರವೇ ಹೊರಗೆ ತೆಗೆದು, ಹೊಸ ಬ್ಯಾಟರಿ ಹಾಕಿ, ನೋವು ಕೊಡುವ ಸದ್ದುಗಳ ಪಟ್ಟಿಯೊಂದಿಗೆ ಶ್ರವಣತಜ್ಞರ ಬಳಿಗೆ ಒಯ್ಯಬೇಕು.